ಹೊರಗೆಳೆಯುವ ಟ್ರೇಯೂ ಮಾಡಿದವನ ಹೊಣೆಯೂ

ಕೆಡುವುದೆಂದು ಬಲ್ಲ ಪದಾರ್ಥವನ್ನು ಮಾಡಿ ಮಾರುವವನು ಕೊಳ್ಳುವವನಿಗೆ ಎಷ್ಟರಮಟ್ಟಿಗೆ ಋಣಿ? ಈ ಪ್ರಶ್ನೆಯ ವಿಚಾರಕ್ಕೆ ದೊಡ್ಡ ಯಂತ್ರಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮನೆಯ ಮೂಲೆಯಲ್ಲಿ ಹಗಲಿರುಳೂ ನಡೆಯುವ ಸಣ್ಣ ಸರ್ವರು, ಅದರೊಳಗಿನ ಹಾರ್ಡ್ ಡಿಸ್ಕುಗಳು, ಒಂದೊಂದು ಡಿಸ್ಕನ್ನೂ ಹೊತ್ತು ಮೇಜಿನ ಸೆಳೆಖಾನೆಯಂತೆ ಹೊರಗೆ ಬರುವ ಟ್ರೇ—ಇಷ್ಟು ಸಾಕು. ಮಕ್ಕಳ ಭಾವಚಿತ್ರಗಳು, ಜಮೀನಿನ ಕಾಗದಗಳ ಪ್ರತಿಗಳು, ಗತಿಸಿದ ಹಿರಿಯರ ಧ್ವನಿ ಎಲ್ಲವೂ ಈಗ ಅನೇಕ ಮನೆಗಳಲ್ಲಿ ಅಲ್ಲಿಯೇ ಸೇರಿರುವುವು.

ಡಿಸ್ಕು ಕೆಡುವುದೆಂಬುದು ಅದನ್ನು ಮಾಡಿದವರಿಗೆ ತಿಳಿಯದ ಸಂಗತಿಯಲ್ಲ. ಹಲವು ಅಗ್ಗದ ಡಿಸ್ಕುಗಳನ್ನು ಜೊತೆಗೂಡಿಸಿ, ಒಂದು ಕೆಟ್ಟರೂ ಉಳಿದವುಗಳಿಂದ ಅದರ ಬರಹವನ್ನು ಮರಳಿ ಪಡೆಯುವ 'ರೇಡ್' ಎಂಬ ಕ್ರಮವನ್ನು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಪಂಡಿತರು 1988ರಲ್ಲಿ ನಿರೂಪಿಸಿದರು. ಟ್ರೇಗೆ ಬೆಲೆ ಬಂದುದು ಬಹುಮಟ್ಟಿಗೆ ಇಂಥ ಏರ್ಪಾಡಿನಿಂದ. ಅನುಕೂಲವಿರುವ ಪೆಟ್ಟಿಗೆಗಳಲ್ಲಿ ಯಂತ್ರವನ್ನು ನಿಲ್ಲಿಸದೆಯೇ ಕೆಟ್ಟುದನ್ನು ತೆಗೆದು ಹೊಸತನ್ನು ಇಡಬಹುದು. ಸಾಟಾ ಕೊಂಡಿಯಲ್ಲಿ ಕೆಲವು ಸಂಪರ್ಕದ ತಗಡುಗಳು ಮಿಕ್ಕವುಗಳಿಗಿಂತ ಉದ್ದ. ಡಿಸ್ಕನ್ನು ಒಳಕ್ಕೆ ತಳ್ಳುವಾಗ ಭೂಸಂಪರ್ಕ ಮೊದಲು, ವಿದ್ಯುತ್ತು ಆಮೇಲೆ. ಕಣ್ಣಿಗೆ ಬೀಳದ ಅಲ್ಪ ಅಂತರದಲ್ಲಿ ಯಾರೋ ಇಷ್ಟು ಆಲೋಚಿಸಿರುವರಲ್ಲ, ಇದನ್ನು ಸೌಜನ್ಯವೆಂದೇ ಕರೆಯಬೇಕು.

ಕಷ್ಟವಿರುವುದು ಮುಂದೆ. ನಾಲ್ಕು ಡಿಸ್ಕುಗಳ ಪೆಟ್ಟಿಗೆ, ಒಂದರ ನಷ್ಟವನ್ನಷ್ಟೇ ತಾಳುವ ಏರ್ಪಾಡು, ಎರಡನೆಯದು ಕೆಟ್ಟಿದೆಯೆನ್ನೋಣ. ಗಾಬರಿಗೊಂಡ ಯಜಮಾನನು ಮೂರನೆಯದನ್ನು ಎಳೆದನಾದರೆ ಸಂಗ್ರಹವೆಲ್ಲ ಆ ಕ್ಷಣವೇ ನಿಂತುಹೋಗುವುದು. ಅದನ್ನು ಸರಿಪಡಿಸುವುದು ಬಲ್ಲವರಿಗೂ ಸುಲಭವಲ್ಲ. ತೆರೆಯ ಮೇಲೆ 'ಎರಡು' ಎಂದು ಕಂಡರೆ ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ? ಎಡದಿಂದಲೋ ಮೇಲಿನಿಂದಲೋ? ತಪ್ಪು ಎಳೆದ ಕೈಯದೇ ಎನ್ನುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಪ್ರತಿಯೊಂದು ಟ್ರೇಯ ಮುಖದಲ್ಲಿ ಕೇಡನ್ನು ತಿಳಿಸುವ ಒಂದು ದೀಪ, ಡಿಸ್ಕಿನ ಕ್ರಮಸಂಖ್ಯೆಯನ್ನು ಬರೆದು ಅಂಟಿಸಲು ಬೆರಳಗಲದ ಜಾಗ—ಇವುಗಳಿಗೆ ತಗಲುವ ಖರ್ಚು ಅತ್ಯಲ್ಪ. ಆ ಖರ್ಚನ್ನು ಉಳಿಸಿದವನು ತಪ್ಪಿನಲ್ಲಿ ಪಾಲುಗಾರನಲ್ಲವೆ?

ಬೀಗವಿಟ್ಟರೆ ಸಾಲದೆ ಎಂದು ಕೇಳಬಹುದು. ಬೀಗವು ಮಗುವಿನ ಕೈಯನ್ನು ತಡೆಯುವುದು ನಿಜ. ಆದರೆ ಗಾಬರಿಗೊಂಡ ಯಜಮಾನನಲ್ಲಿ ಬೀಗದ ಕೈ ಇದ್ದೇ ಇರುವುದು. ಅವನಿಗೆ ಬೇಕಾದುದು ತಡೆಯಲ್ಲ, ತಿಳಿವು.

ಇನ್ನೊಂದು ಮಾತು. ಮೂರೂವರೆ ಅಂಗುಲದ್ದೆಂದು ಕರೆಯಲ್ಪಡುವ ಡಿಸ್ಕಿನ ಅಗಲ 101.6 ಮಿಲಿಮೀಟರೆಂದು ತಯಾರಕರೆಲ್ಲರೂ ಒಪ್ಪಿರುವರು. ಅದನ್ನು ಹೊರುವ ಟ್ರೇ ಮಾತ್ರ ಒಬ್ಬರದು ಸಾಮಾನ್ಯವಾಗಿ ಇನ್ನೊಬ್ಬರ ಪೆಟ್ಟಿಗೆಗೆ ಹೊಂದದು! ಪ್ಲಾಸ್ಟಿಕ್ಕಿನ ಹಿಡಿಯೊಂದು ಮುರಿದು, ಆ ಮಾದರಿಯ ತಯಾರಿಕೆ ನಿಂತುಹೋಗಿದ್ದರೆ, ಗಟ್ಟಿಮುಟ್ಟಾದ ಪೆಟ್ಟಿಗೆಯ ಒಂದು ಖಾನೆ ವ್ಯರ್ಥ. ಪೆಟ್ಟಿಗೆಯೊಡನೆ ಟ್ರೇಯ ನಕ್ಷೆಯನ್ನೂ ಪ್ರಕಟಿಸಿದರೆ, ಬಿಡಿ ಟ್ರೇಗಳ ಲಾಭವೊಂದನ್ನುಳಿದು ತಯಾರಕನು ಕಳೆದುಕೊಳ್ಳುವುದೇನೂ ನಮಗೆ ಕಾಣದು. ಅಲ್ಲಿಯವರೆಗೆ ಕೆಲವು ಆಸಕ್ತರು ತಾವೇ ಅಳತೆ ತೆಗೆದು, ತ್ರೀಡಿ ಮುದ್ರಣಯಂತ್ರದಲ್ಲಿ ಟ್ರೇಗಳನ್ನು ಮಾಡಿಕೊಂಡು, ನಕ್ಷೆಗಳನ್ನು ಪರರಿಗೂ ಹಂಚುತ್ತಿರುವರು. ಹಾಗೆ ಮಾಡಿಕೊಳ್ಳುವವರು ಪಿ.ಎಲ್.ಎ. ಎಂಬ ಸಾಮಾನ್ಯ ಪ್ಲಾಸ್ಟಿಕ್ಕನ್ನು ಬಿಡುವುದು ಲೇಸು. 60 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಅದು ಮೆದುವಾಗುವುದು, ಬೇಸಗೆಯಲ್ಲಿ ಗಾಳಿಯಾಡದ ಪೆಟ್ಟಿಗೆಯೊಳಗೆ ಅದನ್ನು ನಂಬುವಂತಿಲ್ಲ.