ಪರರ ನಾಲಗೆಯಲ್ಲಿ ಮಗುವಿನ ಹೆಸರು

ಠಾಣೆಗೂ ಕಲ್ಯಾಣಕ್ಕೂ ನಡುವೆ, ಪಾರ್ಸಿಕ್ ಗುಡ್ಡದ ತಪ್ಪಲಿನಲ್ಲಿರುವ ಮುಂಬ್ರಾದಲ್ಲಿ ನೆಲೆನಿಂತ ಕನ್ನಡ ಕುಟುಂಬವೊಂದರಲ್ಲಿ ಹೆಣ್ಣುಮಗು ಜನಿಸಿ, ಅದಕ್ಕೆ ಪ್ರಜ್ಞಾ ಎಂಬ ಹೆಸರನ್ನಿಡಬೇಕೆಂದು ತಾಯಿತಂದೆಗಳು ಸಂಕಲ್ಪಿಸಿದರೆನ್ನೋಣ. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಮೊದಲೇ ಹಿತೈಷಿಗಳ ಎಚ್ಚರಿಕೆಯ ಮಾತುಗಳು ಅವರ ಕಿವಿಗೆ ಬೀಳತೊಡಗುತ್ತವೆ: ಮರಾಠಿ ನೆರೆಯವರು ಅದನ್ನು ಪ್ರದ್ನ್ಯಾ ಎನ್ನುವರು, ಹಿಂದಿ ಉರ್ದುಗಳನ್ನಾಡುವ ಗೆಳತಿಯರು ಪ್ರಗ್ಯಾ ಎನ್ನುವರು, ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಆಧಾರ್ ಪತ್ರದಲ್ಲಿ ಇನ್ನೊಂದು ರೀತಿ ಅಚ್ಚಾಗುವುದು; ಎಲ್ಲರ ಬಾಯಿಗೂ ಸಲ್ಲುವ ಎರಡಕ್ಷರದ ಸುಲಭನಾಮಗಳು ಎಷ್ಟೋ ಇರುವಾಗ ಮಗುವನ್ನು ಈ ತೊಡಕಿಗೆ ಏಕೆ ಸಿಕ್ಕಿಸಬೇಕು? ಈ ಮಾತು ವಾತ್ಸಲ್ಯದಿಂದ ಹುಟ್ಟಿದುದು. ಆದುದರಿಂದ ಇದಕ್ಕೆ ಸಾವಧಾನವಾದ ಉತ್ತರವನ್ನೇ ಕೊಡಬೇಕು. ಪರರು ತಪ್ಪಾಗಿ ನುಡಿದಾರು, ತಪ್ಪಾಗಿ ಬರೆದಾರು ಎಂಬ ಶಂಕೆಗೆ ನಾಮಕರಣದಲ್ಲಿ ಎಷ್ಟರಮಟ್ಟಿನ ಅಧಿಕಾರವಿರಬೇಕೆಂಬುದೇ ಇಲ್ಲಿಯ ಪ್ರಶ್ನೆ. ಆ ಶಂಕೆಯು ಹೆಸರಿನ ಬರವಣಿಗೆಯನ್ನು ನಿರ್ಣಯಿಸಲಿ, ಹೆಸರನ್ನು ನಿರ್ಣಯಿಸದಿರಲಿ ಎಂಬುದು ನನ್ನ ಮತ.

ಮೊದಲು, ತಪ್ಪು ಯಾರದೆಂಬುದನ್ನೇ ಪರಿಶೀಲಿಸೋಣ. ಜಕಾರದೊಡನೆ ತಾಲವ್ಯ ಅನುನಾಸಿಕವಾದ ಞಕಾರವು ಕೂಡಿ ಆದ ಈ ಸಂಯುಕ್ತಾಕ್ಷರವನ್ನು ಅದರ ಮೂಲಸ್ವರೂಪದಲ್ಲಿ ಉಚ್ಚರಿಸುವವರು ಇಂದು ವಿರಳ. ಕನ್ನಡಿಗನ ಬಾಯಲ್ಲಿ ಅದು ಬಹುಮಟ್ಟಿಗೆ ಗಕಾರ ನಕಾರಗಳ ಕೂಟವಾಗಿಯೂ, ಹಳ್ಳಿಯ ಮಾತಿನಲ್ಲಿ ಗ್ಯಾನವೆಂಬಲ್ಲಿಯ ಗ್ಯಕಾರವಾಗಿಯೂ, ಮರಾಠಿಗನ ಬಾಯಲ್ಲಿ ದಕಾರ ನಕಾರ ಯಕಾರಗಳ ಕೂಟವಾಗಿಯೂ ಹೊರಡುತ್ತದೆ. ಎಲ್ಲರೂ ಮೂಲದಿಂದ ಸರಿದು ನಿಂತಿರುವಾಗ ಒಬ್ಬರ ಉಚ್ಚಾರವನ್ನು ಶುದ್ಧವೆಂದೂ ಮತ್ತೊಬ್ಬರದನ್ನು ಅಪಭ್ರಷ್ಟವೆಂದೂ ಕರೆಯುವುದಕ್ಕೆ ಆಧಾರವೆಲ್ಲಿಯದು? 1290ರಲ್ಲಿ ಗೀತೆಗೆ ಮರಾಠಿಯಲ್ಲಿ ವ್ಯಾಖ್ಯಾನವನ್ನು ರಚಿಸಿದ ಜ್ಞಾನೇಶ್ವರರನ್ನು ಅವರ ನಾಡಿನವರು ದ್ನ್ಯಾನೇಶ್ವರರೆಂದೇ ಕರೆದು, ರೋಮನ್ ಲಿಪಿಯಲ್ಲಿಯೂ ಹಾಗೆಯೇ ಬರೆಯುತ್ತಾರೆ; ಪಂಢರಪುರದ ವಿಠ್ಠಲನನ್ನು ಕರ್ನಾಟಕದವನೆಂದು ಹಾಡಿದ ಆ ಸಂತರಿಗೆ ಅವರ ಉಚ್ಚಾರದಿಂದಲಾಗಲಿ ನಮ್ಮ ಉಚ್ಚಾರದಿಂದಲಾಗಲಿ ಯಾವ ಕೊರತೆಯೂ ಆಗಿಲ್ಲ. ಇನ್ನೂ ಗಮನಿಸತಕ್ಕ ಸಂಗತಿಯೆಂದರೆ, ನಾಗರಿಯಲ್ಲಿ ಬರೆದಾಗ ಪ್ರಜ್ಞಾ ಎಂಬ ಹೆಸರು ಮರಾಠಿಯವರಿಗೂ ಹಿಂದಿಯವರಿಗೂ ಒಂದೇ. ರೋಮನ್ ಅಕ್ಷರಗಳಿಗೆ ಇಳಿಸಿದೊಡನೆಯೇ ಅದು ಕವಲೊಡೆಯುತ್ತದೆ.

ನೆರೆಯವರ ನಾಲಗೆಯನ್ನು ದೂರುವ ಮುನ್ನ ನಮ್ಮ ನಾಲಗೆಯ ಚರಿತ್ರೆಯನ್ನೂ ನೆನೆಯಬೇಕು. ಪಕಾರವು ಹಕಾರವಾಗಿ ತಿರುಗಿದ ಕಾಲದಲ್ಲಿ ನಾವು ಪಂಪಾದೇವಿಯ ಕ್ಷೇತ್ರವನ್ನೇ ಹಂಪೆಯೆಂದು ಕರೆದೆವು. ದೇವಿ ಮುನಿದಳೆಂದು ಯಾರೂ ಹೇಳಲಿಲ್ಲ. ಲಕ್ಷ್ಮಣನು ಲಕ್ಕಣನಾದನು, ವಿಜಯನಗರದ ದಂಡನಾಯಕನೂ ಶಿವತತ್ತ್ವಚಿಂತಾಮಣಿಯ ಕರ್ತೃವೂ ಆದ ಲಕ್ಕಣ ದಂಡೇಶನು ಆ ರೂಪದಿಂದಲೇ ಪ್ರಖ್ಯಾತನಾದನು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಸಂಸ್ಕೃತಶಬ್ದಗಳು ಕನ್ನಡದ ಬಾಯಲ್ಲಿ ಯಾವ ಯಾವ ಕ್ರಮದಿಂದ ರೂಪಾಂತರ ಹೊಂದುವುವೆಂಬುದಕ್ಕೆ ಸೂತ್ರಗಳನ್ನು ಕೊಟ್ಟನು. ಉಚ್ಚಾರದ ಪಲ್ಲಟಕ್ಕೂ ಒಂದು ನಿಯಮವುಂಟೆಂಬುದನ್ನೂ, ಆ ನಿಯಮವು ಕೇಳುವ ಭಾಷೆಯ ಸ್ವಭಾವದಿಂದ ಹುಟ್ಟುವುದೆಂಬುದನ್ನೂ ಆ ವೈಯಾಕರಣನು ಕಂಡಿದ್ದನು. ಶಿಲಾಹಾರರ ಶಾಸನಗಳಲ್ಲಿ ಶ್ರೀಸ್ಥಾನಕವೆನಿಸಿದ್ದ ನಗರವು ಇಂದು ಠಾಣೆಯಾಗಿರುವುದು ಇದೇ ಬಗೆಯ ಕ್ರಮದಿಂದ. ಹಾಗಿರುವಲ್ಲಿ, ಪ್ರದ್ನ್ಯಾ ಎಂದು ಕರೆಯುವ ನೆರೆಯಾಕೆಯು ನಮ್ಮ ಮಗುವಿನ ಹೆಸರನ್ನು ಕೆಡಿಸುತ್ತಿಲ್ಲ. ತನ್ನ ಭಾಷೆಯೊಳಕ್ಕೆ ಅದನ್ನು ಬರಮಾಡಿಕೊಳ್ಳುತ್ತಿದ್ದಾಳೆ.

ಆದರೂ ನಮ್ಮ ಸಂಸ್ಕಾರದ ಒಳಗಿನಿಂದಲೇ ಒಂದು ಗಂಭೀರವಾದ ಆಕ್ಷೇಪವೇಳಬಹುದು. ಶಬ್ದವನ್ನು ತಪ್ಪಾಗಿ ನುಡಿಯುವುದು ಅನರ್ಥಕ್ಕೆ ಕಾರಣವೆಂದು ನಮ್ಮ ಪೂರ್ವಿಕರು ಬೋಧಿಸಲಿಲ್ಲವೆ? ಪತಂಜಲಿಯ ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿಯೇ ಇಂದ್ರಶತ್ರುವಿನ ಪ್ರಸಂಗವು ಬರುತ್ತದೆ: ಇಂದ್ರನನ್ನು ಕೊಲ್ಲಬಲ್ಲ ಮಗನನ್ನು ಬಯಸಿ ಮಾಡಿದ ಯಾಗದಲ್ಲಿ ಸ್ವರವೊಂದು ಸ್ಥಾನ ತಪ್ಪಿದುದರಿಂದ ಅರ್ಥವು ತಲೆಕೆಳಗಾಗಿ, ಹುಟ್ಟಿದ ವೃತ್ರನು ಇಂದ್ರನಿಂದಲೇ ಹತನಾದನು. ವಿಶೇಷವೆಂದರೆ, ಮಗುವಿಗೆ ಹೆಸರಿಡುವ ವಿಧಿಯೂ ಅದೇ ಆಹ್ನಿಕದಲ್ಲಿದೆ. ಹತ್ತನೆಯ ದಿನ ಕಳೆದ ಮೇಲೆ ಇಡುವ ಹೆಸರು ಘೋಷಾಕ್ಷರದಿಂದ ಮೊದಲಾಗಿ, ಒಳಗೆ ಅಂತಃಸ್ಥವನ್ನು ಹೊಂದಿ, ಎರಡು ಅಥವಾ ನಾಲ್ಕು ಅಕ್ಷರಗಳುಳ್ಳದ್ದಾಗಿರಬೇಕೆಂದು ಯಾಜ್ಞಿಕರ ಮತವನ್ನು ಪತಂಜಲಿಯು ಉದಾಹರಿಸುತ್ತಾನೆ. ಈ ಎರಡನ್ನೂ ಕೂಡಿಸಿ ಓದಿದವನು ಹೆಸರೂ ಮಂತ್ರದಂತೆಯೇ ಅಸ್ಖಲಿತವಾಗಿ ನುಡಿಯಬೇಕಾದ ಶಬ್ದವೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ.

ಆದರೆ ನಮ್ಮ ಪರಂಪರೆಯು ಅಲ್ಲಿಗೇ ನಿಲ್ಲಲಿಲ್ಲ. ಭಾಗವತದ ಷಷ್ಠಸ್ಕಂಧದಲ್ಲಿ ಅಜಾಮಿಳನು ಮರಣಕಾಲದಲ್ಲಿ ಭಯದಿಂದ ತನ್ನ ಕಿರಿಯ ಮಗನಾದ ನಾರಾಯಣನನ್ನು ಕೂಗಿದನು. ದೇವರನ್ನು ಕುರಿತು ಕೂಗಿದುದಲ್ಲ, ಆದರೂ ಆ ಕೂಗಿಗೆ ವಿಷ್ಣುದೂತರು ಓಗೊಟ್ಟರು. ಬೇಡನಾಗಿದ್ದ ವಾಲ್ಮೀಕಿಯು ರಾಮನಾಮವನ್ನು ತಿರುವುಮುರುವಾಗಿ ಜಪಿಸಿ ಋಷಿಯಾದನೆಂಬ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಯಜ್ಞವೇದಿಯ ಶಬ್ದಕ್ಕೆ ನಿರ್ದುಷ್ಟತೆಯೇ ಪ್ರಾಣ. ಭಕ್ತಿಯ ಕರೆಗಾದರೋ ಯಾರನ್ನು ಕುರಿತು ಕರೆಯುವೆವೆಂಬ ಒಲವೇ ಪ್ರಾಣ. ಮಗುವಿನ ಹೆಸರು ಇವೆರಡರಲ್ಲಿ ಯಾವ ಪಕ್ಷಕ್ಕೆ ಸೇರಿದುದು? ಅದು ದಿನವೂ ಅಂಗಳದಲ್ಲಿ, ರೈಲಿನಲ್ಲಿ, ಪಾಠಶಾಲೆಯಲ್ಲಿ ಕೂಗಲ್ಪಡತಕ್ಕದ್ದು. ಕೂಗಿಗೆ ಮಗು ತಿರುಗಿ ನೋಡಿದರೆ ಅದರ ಕೆಲಸ ನೆರವೇರಿತು. ಆದುದರಿಂದ ಅದನ್ನು ಮಂತ್ರವೆಂದು ಭಾವಿಸಿ ಪರರ ಬಾಯಿಗೆ ಕಾವಲು ಹಾಕುವುದು ಅದರ ಸ್ವಭಾವಕ್ಕೇ ವಿರುದ್ಧವೆಂದು ನನಗೆ ತೋರುತ್ತದೆ.

ಸೌಲಭ್ಯವೆಂಬ ಗುಣವನ್ನು ಹೆಸರಿನಲ್ಲಿ ಅಪೇಕ್ಷಿಸುವುದಕ್ಕೂ ಒಂದು ಇತಿಹಾಸವುಂಟು, ಮತ್ತು ಅದು ಅಷ್ಟೇನೂ ನಿರ್ಮಲವಾದುದಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಸುಖವಾಗಿ ಉಚ್ಚರಿಸಬರುವ ಹೆಸರನ್ನು ವಿಧಿಸಿರುವುದು ಸ್ತ್ರೀಯರಿಗೆ ಮಾತ್ರ. ಶೂದ್ರನಿಗೆ ಅದೇ ಅಧ್ಯಾಯವು ಜುಗುಪ್ಸೆಯನ್ನು ಸೂಚಿಸುವ ಹೆಸರನ್ನು ವಿಧಿಸಿದೆ. ತುಳುನಾಡಿನಲ್ಲಿ ದುಡಿಯುವ ಜಾತಿಗಳ ಮಕ್ಕಳಿಗೆ ಹುಟ್ಟಿದ ವಾರವೇ ಹೆಸರಾಗಿ, ಐತ, ಅಂಗಾರ, ತುಕ್ರ, ತನಿಯರೆಂದು ಕರೆಯುವ ರೂಢಿ ಬಹುಕಾಲ ನಡೆದುಬಂದಿತು. ಬಯಲುಸೀಮೆಯಲ್ಲಿ ಬೋರ, ಕರಿಯ, ಕೆಂಚರಿದ್ದರು. ಈ ಹೆಸರುಗಳನ್ನು ಹೊತ್ತವರಲ್ಲಿ ಘನತೆಗೆ ಕೊರತೆಯಿರಲಿಲ್ಲ; ಹೆಸರುಗಳಲ್ಲಿಯೂ ಅದರ ಸೊಗಸು ಅದಕ್ಕಿದೆ. ಆದರೆ ಜಗಲಿಯ ಮೇಲೆ ಕುಳಿತು ಕೂಗುವ ಒಡೆಯನಿಗೆ ಇವುಗಳಷ್ಟು ಅನುಕೂಲವಾದ ಹೆಸರುಗಳು ಬೇರೆಯಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಸುಲಭನಾಮದ ಸೌಖ್ಯವು ಕರೆಯುವವನಿಗೆ ಸೇರಿದುದು. ಯಾರ ಹಿರಿಯರಿಗೆ ತೂಕವುಳ್ಳ ಹೆಸರು ನಿಷಿದ್ಧವಾಗಿತ್ತೋ ಅವರು ತಮ್ಮ ಮಕ್ಕಳಿಗೆ ಸಂಯುಕ್ತಾಕ್ಷರಗಳಿಂದ ತುಂಬಿದ ಹೆಸರನ್ನಿಟ್ಟು, ಲೋಕವು ಅದನ್ನು ಪ್ರಯತ್ನಪಟ್ಟು ನುಡಿಯಲೆಂದು ಬಯಸಿದರೆ ಆ ಬಯಕೆಯಲ್ಲಿ ನ್ಯಾಯವಿದೆ.

ಮಹಾರಾಷ್ಟ್ರದಲ್ಲಿಯೇ ಅದಕ್ಕೆ ಸಾಕ್ಷಿ ದೊರೆಯುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರರು ಅಸಂಖ್ಯ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಅಲ್ಲಿಂದೀಚೆಗೆ ಪ್ರಜ್ಞಾ, ಶೀಲ, ಕರುಣಾ ಎಂಬ ಮೂರು ಶಬ್ದಗಳು ಮಹಾರಾಷ್ಟ್ರದ ಬೌದ್ಧರ ಮನೆಮಾತಾಗಿ, ಅವರ ಹೆಣ್ಣುಮಕ್ಕಳ ಹೆಸರುಗಳಾಗಿಯೂ ಬೆಳೆದುಬಂದಿವೆ. ನಮ್ಮ ಕನ್ನಡ ದಂಪತಿಗಳು ಅಪಭ್ರಂಶವೆಂದು ಅಂಜುವ ಪ್ರದ್ನ್ಯಾ ಎಂಬ ಉಚ್ಚಾರವು, ಕಲ್ಯಾಣದ ಒಬ್ಬ ತಾಯಿಗೆ ತನ್ನ ಕುಲವು ತಲೆಯೆತ್ತಿ ನಿಂತುದರ ಗುರುತಾಗಿರಬಹುದು. ಪರರ ಬಾಯಿಂದ ಬದಲಾಗಿ ಬಂದ ಹೆಸರು ಹೀಗೆ ನಾವು ತುಂಬದ ಅರ್ಥವನ್ನೂ ಹೊತ್ತು ಬರುತ್ತದೆ. ಅದನ್ನು ನಷ್ಟವೆಂದು ಲೆಕ್ಕ ಹಾಕುವುದು ಸರಿಯೆ?

ಲೇಖನದ ತಪ್ಪಾದರೋ ಬೇರೆಯ ಜಾತಿಯದು, ಅದರ ವಿಷಯದಲ್ಲಿ ಔದಾರ್ಯವು ಸಲ್ಲದು. ಬಾಯ ತಪ್ಪು ಗಾಳಿಯಲ್ಲಿ ಕರಗಿ, ಮರುದಿನ ತಿದ್ದಿಕೊಳ್ಳಲು ಎಡೆಗೊಡುತ್ತದೆ. ಕಾಗದದ ತಪ್ಪು ಪ್ರತಿಯಿಂದ ಪ್ರತಿಗೆ ಇಳಿದು, ಕೊನೆಗೆ ಸರಿಯಾದ ರೂಪವೇ ಸಂದೇಹಾಸ್ಪದವಾಗುವಂತೆ ಮಾಡುತ್ತದೆ. 1969ರ ಜನನ ಮರಣ ನೋಂದಣಿ ಅಧಿನಿಯಮಕ್ಕೆ 2023ರಲ್ಲಿ ತಿದ್ದುಪಡಿಯಾದ ಮೇಲಂತೂ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾಪ್ರವೇಶ ಮೊದಲಾದುವಕ್ಕೆಲ್ಲ ಜನನಪತ್ರವೇ ಹುಟ್ಟಿನ ಪ್ರಮಾಣವಾಗಿದೆ. ಇಲ್ಲಿ ದಕ್ಷಿಣದಿಂದ ಬಂದವರಾದ ನಮಗೆ ವಿಶೇಷವಾದ ತೊಡಕೊಂದುಂಟು: ತಕಾರವನ್ನು ರೋಮನ್ ಲಿಪಿಯಲ್ಲಿ ಸೂಚಿಸಲು ನಾವು ಟೀ ಅಕ್ಷರದ ಮುಂದೆ ಎಚ್ ಅಕ್ಷರವನ್ನು ಸೇರಿಸುತ್ತೇವೆ, ಮರಾಠಿಗನು ಆ ಜೋಡಿಯನ್ನು ಥಕಾರವೆಂದು ಓದುತ್ತಾನೆ. ಹೀಗಾಗಿ ಮಂಗಳೂರಿನಿಂದ ಬಂದ ಲತಾ ಡೊಂಬಿವಲಿಯಲ್ಲಿ ಲಥಾ ಆಗುತ್ತಾಳೆ, ಸುನೀತಾ ಸುನೀಥಾ ಆಗುತ್ತಾಳೆ. ಇವು ಕಠಿಣವಾದ ಹೆಸರುಗಳಲ್ಲ. ಭರತಖಂಡದಲ್ಲಿ ರಾಮನಿಗಿಂತ ಸುಪರಿಚಿತವಾದ ಹೆಸರು ಯಾವುದು? ಅದನ್ನೂ ರೋಮನ್ ಲಿಪಿಯಲ್ಲಿ ಬರೆದರೆ ರಾಮನೋ ರಮೆಯೋ ಎಂಬುದು ಅಕ್ಷರದಿಂದ ತಿಳಿಯದು. ಸುಲಭನಾಮವನ್ನು ಆರಿಸಿದ ಮಾತ್ರಕ್ಕೆ ತೊಡಕು ತಪ್ಪುವುದೆಂಬ ಭರವಸೆಯು ಇಲ್ಲಿ ಕುಸಿದುಬೀಳುತ್ತದೆ. ತೊಡಕು ಇರುವುದು ಲಿಪಿಯಲ್ಲಿ.

ಆದುದರಿಂದ ರಿಯಾಯಿತಿಯನ್ನು ತೋರಬೇಕಾದುದು ಲಿಪಿಯ ವಿಷಯದಲ್ಲಿ. ಮಗಳಿಗೆ ಲತಾ ಎಂದು ಹೆಸರಿಡುವವರು ಎಚ್ ಅಕ್ಷರವನ್ನು ಬಿಟ್ಟು ಬರೆದರೆ ಕನ್ನಡತನಕ್ಕೆ ಕುಂದೇನೂ ಇಲ್ಲ. ಇದು ಒಂದು ತಲೆಮಾರಿನ ಪ್ರಶ್ನೆಯೂ ಅಲ್ಲ. 2024ರ ಮೇ 1ರಂದು ಮತ್ತು ಅನಂತರ ಹುಟ್ಟಿದ ಮಕ್ಕಳ ಹೆಸರಿನ ಮುಂದೆ ಮಹಾರಾಷ್ಟ್ರದ ಸರಕಾರೀ ದಾಖಲೆಗಳಲ್ಲಿ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಯಲ್ಲಿ ಕುಲನಾಮ ಎಂಬ ಕ್ರಮವು ಜಾರಿಗೆ ಬಂದಿರುವುದರಿಂದ, ತಾಯಿಯ ಹೆಸರಿನ ಅಕ್ಷರಗಳೂ ಮಗುವಿನ ಪಾಲಿಗೆ ಬರುತ್ತವೆ. ತಾಯಿಯನ್ನು ಹೀಗೆ ಮಗುವಿನ ಹೆಸರಿನೊಳಗೆ ಗೌರವಿಸಿರುವುದು ಶ್ಲಾಘ್ಯ. ಆಕೆಯ ಹೆಸರು ಎಲ್ಲ ಪತ್ರಗಳಲ್ಲಿಯೂ ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳುವ ಹೊಣೆಯೂ ಅದರೊಡನೆ ಬಂತು. 1969ರ ಅಧಿನಿಯಮವು ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಲು ಅವಕಾಶವಿತ್ತಿದೆ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಆ ಅವಧಿಯಲ್ಲಿ ಹೆಸರನ್ನು ನಾಗರಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಬರೆದು, ಮರಾಠಿ ನೆರೆಯವರೊಬ್ಬರಿಂದಲೂ ಉರ್ದು ನೆರೆಯವರೊಬ್ಬರಿಂದಲೂ ಗಟ್ಟಿಯಾಗಿ ಓದಿಸಿ ಕೇಳುವುದು ಜಾತಕವನ್ನು ನೋಡಿಸುವಷ್ಟೇ ಅವಶ್ಯವೆಂದು ನಾನು ಭಾವಿಸುತ್ತೇನೆ.

ಓದಿಸಿ ಕೇಳುವವನು ಪ್ರತಿಯಾಗಿ ತಾನೂ ಕೇಳಿಸಿಕೊಳ್ಳಬೇಕು. ಮುಂಬ್ರಾದ ಉರ್ದು ಮನೆಗಳ ಮಕ್ಕಳ ಹೆಸರುಗಳಲ್ಲಿ ಕನ್ನಡದ ವರ್ಣಮಾಲೆಗೆ ಒಳಪಡದ ಧ್ವನಿಗಳು ಹೇರಳವಾಗಿವೆ. ಅರಬ್ಬಿಯಲ್ಲಿ ಕಂಠದ ಆಳದಿಂದ ಹೊರಡುವ ಕಕಾರವು ದಖನಿಯ ರೂಢಿಯಲ್ಲಿ ಖಕಾರವಾಗಿ, ಖಾದರ್ ಎಂಬ ರೂಪದಿಂದ ನಮ್ಮ ಪತ್ರಿಕೆಗಳಲ್ಲಿಯೂ ನೆಲೆಗೊಂಡಿದೆ. ನಾವು ಅವರ ಹೆಸರುಗಳನ್ನು ಹೀಗೆ ನುಡಿಯುತ್ತಿದ್ದರೂ ಅವರು ಓಗೊಡುತ್ತಾರೆ. ನಾಲಗೆ ಹೊರಳದೆ ತಪ್ಪುವವನಲ್ಲಿ ಕೋಪಕ್ಕೆ ಕಾರಣವಿಲ್ಲ. ತಿಳಿಸಿ ಹೇಳಿದ ಮೇಲೂ ಕೇಳಲೊಲ್ಲದೆ, ನಿನ್ನ ಹೆಸರು ಕಷ್ಟ, ಇನ್ನು ಮುಂದೆ ನಿನ್ನನ್ನು ಹೀಗೆಂದು ಕರೆಯುತ್ತೇನೆ ಎಂದು ತಾನೇ ಬೇರೊಂದು ಹೆಸರನ್ನು ಹೊರಿಸುವ ಉಪಾಧ್ಯಾಯನಾಗಲಿ ಯಜಮಾನನಾಗಲಿ ಮಾಡುವುದು ಅಪಚಾರ, ಅದನ್ನು ತಾಯಿತಂದೆಗಳು ಸಹಿಸಬಾರದು.

ಇಷ್ಟು ಹೇಳಿದ ಮೇಲೂ, ಹೆಸರಿನ ಭಾರವನ್ನು ಹೊರುವುದು ಮಗುವೇ ಎಂಬ ಮಾತು ಉಳಿಯುತ್ತದೆ, ಮತ್ತು ಅದು ಸತ್ಯ. ಅಪೂರ್ವವೆಂಬ ಒಂದೇ ಕಾರಣಕ್ಕಾಗಿ ನಿಘಂಟಿನಿಂದ ಹೆಕ್ಕಿ ತೆಗೆದು, ಮನೆಯವರೇ ದಿನವೂ ಬಳಸದೆ ಚಿನ್ನಿ, ಪುಟ್ಟಿ ಎಂದು ಕೂಗುತ್ತಿರುವ ಹೆಸರಿಗೆ ನಾನು ಈ ವಾದದ ಆಸರೆಯನ್ನು ಕೊಡಲಾರೆ. ಊರಿನಲ್ಲಿರುವ ಅಜ್ಜಿಯ ಬಾಯಲ್ಲಿ ಸಹಜವಾಗಿ ನಿಲ್ಲುವ, ಅರ್ಥವನ್ನು ಮಗುವಿಗೆ ವಿವರಿಸಿ ಹೇಳಬಹುದಾದ ಹೆಸರಾದರೆ, ಹೊರಗಿನವರ ಉಚ್ಚಾರವನ್ನು ತಾಳಿಕೊಳ್ಳುವ ಶಕ್ತಿಯನ್ನು ಮಗು ಮನೆಯಿಂದಲೇ ಪಡೆಯುತ್ತದೆ. ಅನಂತರ ಆ ಹೆಸರು ತಾಯಿತಂದೆಗಳ ಕೈಬಿಟ್ಟು ಹೋಗತಕ್ಕದ್ದೇ. ಹುಡುಗಿಯು ಠಾಣೆಯ ಕಾಲೇಜಿನಲ್ಲಿ ತನ್ನನ್ನು ಪ್ರದ್ನ್ಯಾ ಎಂದೇ ಪರಿಚಯಿಸಿಕೊಂಡು, ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಪ್ರಜ್ಞಾ ಎಂಬ ಕರೆಗೆ ಓಗೊಟ್ಟರೆ, ಅದರಲ್ಲಿ ಕನ್ನಡವನ್ನು ತೊರೆದಳೆಂಬ ವ್ಯಥೆಗೆ ಕಾರಣವಿಲ್ಲ. ಪ್ರಾಪ್ತವಯಸ್ಕಳಾಗಿ ಒಂದು ದಿನ ರಾಜಪತ್ರದ ಮೂಲಕ ರೋಮನ್ ಅಕ್ಷರಗಳನ್ನು ತನಗೆ ಬೇಕಾದಂತೆ ಬದಲಾಯಿಸಿಕೊಂಡರೂ, ಹೆಸರಿಟ್ಟವರು ಅದಕ್ಕೆ ಸಮ್ಮತಿಸಬೇಕು.