ದೇಹದ ತೂಕ ಮತ್ತು ನಮ್ಮ ನಾಲಗೆ

ನಿಮ್ಮ ಬಂಧುಬಳಗದಲ್ಲೂ ಅಂತಹವರೊಬ್ಬರು ಇದ್ದೇ ಇರುತ್ತಾರೆ. ವೈದ್ಯರ ಎಚ್ಚರಿಕೆಯಿಂದಲೋ ಮನೆಯವರ ಒತ್ತಾಯದಿಂದಲೋ ಅನ್ನ ಕಡಿಮೆ ಮಾಡಿದರು, ಸಕ್ಕರೆ ಬಿಟ್ಟರು, ಫಜ್ರ್ ನಮಾಝಿನ ಬಳಿಕ ನಡೆಯತೊಡಗಿದರು. ಆರೇಳು ತಿಂಗಳಲ್ಲಿ ಹದಿನೈದು ಕಿಲೋ ಇಳಿಯಿತು. ಮದುವೆಮನೆಯಲ್ಲಿ ಕಂಡವರೆಲ್ಲ ಹೊಗಳಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಹದಿನೈದೂ ಮರಳಿ ಬಂತು, ಬಡ್ಡಿ ಸಮೇತ ಬಂತು. ಅಂದು ಹೊಗಳಿದ ಬಾಯಿಗಳೇ ಈಗ ಏನನ್ನುತ್ತವೆ? "ಪಾಪ, ಮನಸ್ಸು ಗಟ್ಟಿ ಇಲ್ಲ. ಬಾಯಿ ಕಟ್ಟಲು ಆಗಲಿಲ್ಲ."

ಓದುಗ ಮಿತ್ರರೇ, ನಾವು ಇಷ್ಟು ಸಲೀಸಾಗಿ ನೀಡುವ ಈ ತೀರ್ಪು ಸತ್ಯವೇ? ಸತ್ಯವೇ ಆಗಿದ್ದರೂ ಅದನ್ನು ನೀಡುವ ಅಧಿಕಾರ ನಮಗಿದೆಯೇ? ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ವಿಜ್ಞಾನ ಸಾಕಷ್ಟು ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ನಾವೇ ಉತ್ತರ ಹೇಳಬೇಕಾಗಿದೆ.

ಮಿತಿಮೀರಿ ತಿನ್ನುವುದು ಸದ್ಗುಣವೆಂದು ಯಾರೂ ಹೇಳಲಾರರು. ಉಣ್ಣುವ ಕುಡಿಯುವ ವಿಷಯದಲ್ಲಿ ದುಂದು ಮಾಡಬಾರದೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಹೊಟ್ಟೆಯ ಮೂರನೆಯ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಇರಲೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನಾವು ಮದ್ರಸದ ದಿನಗಳಿಂದಲೇ ಕೇಳುತ್ತಾ ಬಂದಿದ್ದೇವೆ. ಆದರೆ ಇಲ್ಲೇ ನಾವೊಂದು ಕಳ್ಳ ಹೆಜ್ಜೆ ಇಡುತ್ತೇವೆ. ಅತಿಯಾಗಿ ತಿನ್ನುವುದು ಕೆಟ್ಟದ್ದು ಎಂಬಲ್ಲಿಂದ ದಪ್ಪಗಿರುವವನು ಅತಿಯಾಗಿ ತಿನ್ನುವವನು ಎಂಬಲ್ಲಿಗೆ ಜಿಗಿಯುತ್ತೇವೆ. ತಟ್ಟೆಯನ್ನು ನೋಡದೆ ಹೊಟ್ಟೆಯನ್ನು ನೋಡಿ ತೀರ್ಪು ಕೊಡುತ್ತೇವೆ. ಔತಣದಲ್ಲಿ ಎರಡೆರಡು ಸಲ ಬಿರಿಯಾನಿ ಬಡಿಸಿಕೊಂಡು ಅರ್ಧವನ್ನು ತಟ್ಟೆಯಲ್ಲೇ ಬಿಟ್ಟೇಳುವ ಸಣಕಲ ವ್ಯಕ್ತಿಯನ್ನು ಯಾರಾದರೂ ಹೊಟ್ಟೆಬಾಕನೆಂದು ಕರೆದದ್ದನ್ನು ಕೇಳಿದ್ದೀರಾ?

ಡೆನ್ಮಾರ್ಕಿನಲ್ಲಿ ಬಾಲ್ಯದಲ್ಲೇ ದತ್ತು ಹೋಗಿದ್ದ 540 ಮಂದಿಯ ಕುರಿತ ಒಂದು ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಬೆಳೆದ ಮೇಲೆ ಅವರ ಮೈಕಟ್ಟು ಅನ್ನವಿಟ್ಟು ಸಾಕಿದ ತಂದೆತಾಯಿಯನ್ನು ಹೋಲುತ್ತಿತ್ತೋ ಹೆತ್ತವರನ್ನು ಹೋಲುತ್ತಿತ್ತೋ ಎಂಬುದು ಪ್ರಶ್ನೆ. ಹೋಲಿಕೆ ಕಂಡದ್ದು ಹೆತ್ತವರೊಂದಿಗೆ. ಸಾಕಿದವರ ಮೈಕಟ್ಟಿಗೂ ಇವರದಕ್ಕೂ ಸಂಬಂಧವೇ ಕಾಣಲಿಲ್ಲ. ಒಂದೇ ಅಡುಗೆಮನೆಯ ಅನ್ನ ಒಂದು ಮೈಗೆ ಹತ್ತುತ್ತದೆ, ಇನ್ನೊಂದಕ್ಕೆ ಹತ್ತುವುದಿಲ್ಲ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಸುಳ್ಳಲ್ಲ.

ಮನಸ್ಸಿನ ಗಟ್ಟಿತನದ ಮಾತಿಗೆ ಬರೋಣ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಹಸಿವಿನ ಕುರಿತು ಒಂದು ಪ್ರಯೋಗ ನಡೆಸಿದರು. ಪಾಲ್ಗೊಂಡ 36 ಯುವಕರು, ಕೊಲ್ಲುವುದು ತಮ್ಮ ಆತ್ಮಸಾಕ್ಷಿಗೆ ವಿರುದ್ಧವೆಂದು ಆಯುಧ ಹಿಡಿಯಲು ನಿರಾಕರಿಸಿದ್ದವರು. ಇಡೀ ದೇಶವೇ ಯುದ್ಧದ ಉನ್ಮಾದದಲ್ಲಿದ್ದಾಗ ಒಲ್ಲೆನೆಂದವರು. ಅವರ ಮನಸ್ಸು ಗಟ್ಟಿ ಇರಲಿಲ್ಲ ಎನ್ನುವ ಧೈರ್ಯ ನನಗಂತೂ ಇಲ್ಲ. 24 ವಾರಗಳ ಕಾಲ ಅವರಿಗೆ ಮಾಮೂಲಿನ ಸುಮಾರು ಅರ್ಧದಷ್ಟು ಆಹಾರ ಕೊಡಲಾಯಿತು. ತೂಕ ಕಾಲು ಭಾಗದಷ್ಟು ಇಳಿಯಿತು. ಮನಸ್ಸಿಗೆ ಏನಾಯಿತು? ಸದಾ ಅನ್ನದ್ದೇ ಧ್ಯಾನ. ಅಡುಗೆ ಪುಸ್ತಕಗಳನ್ನು ಕೂಡಿಹಾಕುವ ಹುಚ್ಚು ಕೆಲವರಿಗೆ ಹಿಡಿಯಿತು. ಪ್ರಯೋಗ ಮುಗಿದು ಬೇಕಾದಷ್ಟು ಉಣ್ಣಬಹುದೆಂದಾದಾಗ ಎಷ್ಟು ಉಂಡರೂ ಹಸಿವು ತೀರದೆ ಒದ್ದಾಡಿದವರೂ ಇದ್ದರು. ಹಸಿದ ದೇಹಕ್ಕೆ ತನ್ನದೇ ಆದ ಹಟವಿದೆ. ಆತ್ಮಸಾಕ್ಷಿಗಾಗಿ ಸರಕಾರವನ್ನೇ ಎದುರಿಸಿದವರೂ ಆ ಹಟದೆದುರು ಬಳಲಿದರು.

ಆ ಹಟದ ಆಳ ಎಷ್ಟೆಂಬುದು 2016ರಲ್ಲಿ ಇನ್ನಷ್ಟು ತಿಳಿಯಿತು. ಅಮೆರಿಕದ ದೂರದರ್ಶನದಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ಸ್ಪರ್ಧೆ ಬರುತ್ತಿತ್ತು. ಅತಿ ಹೆಚ್ಚು ತೂಕ ಇಳಿಸಿದವನಿಗೆ ಬಹುಮಾನ. (ಮನುಷ್ಯರ ಬೆವರು, ಕಣ್ಣೀರು, ಅವಮಾನಗಳನ್ನು ಮನೋರಂಜನೆಯಾಗಿ ಮಾರಬಹುದೇ ಎಂಬುದು ಬೇರೆಯೇ ಒಂದು ಲೇಖನಕ್ಕೆ ವಸ್ತು.) ಕೆವಿನ್ ಹಾಲ್ ಮತ್ತು ಅವರ ಸಂಗಡಿಗ ವಿಜ್ಞಾನಿಗಳು 14 ಸ್ಪರ್ಧಿಗಳನ್ನು ಆರು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದರು. 30 ವಾರಗಳಲ್ಲಿ ಇವರು ಸರಾಸರಿ 58 ಕಿಲೋ ಇಳಿಸಿದ್ದರು. ಆರು ವರ್ಷಗಳಲ್ಲಿ ಅದರಲ್ಲಿ 41 ಕಿಲೋ ಮರಳಿ ಬಂದಿತ್ತು. ಬೆರಗಿನ ಸಂಗತಿ ಅದಲ್ಲ. ಅಷ್ಟೇ ಗಾತ್ರದ, ಅಷ್ಟೇ ವಯಸ್ಸಿನ ಬೇರೊಬ್ಬರ ದೇಹ ವಿಶ್ರಾಂತಿಯಲ್ಲಿ ಸುಡಬೇಕಾದುದಕ್ಕಿಂತ ಇವರ ದೇಹ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಅಂದರೆ ಪಕ್ಕದಲ್ಲಿ ಕುಳಿತವನು ಉಂಡಷ್ಟೇ ಉಣ್ಣುವ ಹಕ್ಕೂ ಇವರಿಗಿಲ್ಲ. ಐದಾರು ಚಪಾತಿ ಕಡಿಮೆ ತಿಂದರೆ ಮಾತ್ರ ಇವರು ಅವನ ಸಮಕ್ಕೆ ನಿಲ್ಲುತ್ತಾರೆ. ಅದೂ ಒಂದು ದಿನವಲ್ಲ, ಪ್ರತಿದಿನ. ಹೊಟ್ಟೆ ತುಂಬಿರುವುದನ್ನು ಮೆದುಳಿಗೆ ತಿಳಿಸಲು ನೆರವಾಗುವ ಲೆಪ್ಟಿನ್ ಎಂಬ ಹಾರ್ಮೋನು ಕೂಡ ಅವರಲ್ಲಿ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ದೇಹವು ತೂಕ ಇಳಿದದ್ದನ್ನು ಜಯವೆಂದು ಬಗೆಯಲಿಲ್ಲ, ಬರಗಾಲವೆಂದು ಬಗೆಯಿತು.

ಹಾಗಾದರೆ ಎಲ್ಲವೂ ದೇಹದ ಹಣೆಬರಹ, ಇನ್ನೆರಡು ಪರೋಟ ತನ್ನಿ ಎನ್ನೋಣವೇ? ಹೀಗೆ ಕೇಳುವವರು ಇದ್ದಾರೆ, ಪ್ರಶ್ನೆ ತಳ್ಳಿಹಾಕುವಂತಹದ್ದಲ್ಲ. ದೇಹ ನಮ್ಮ ಸ್ವಂತದ ಸೊತ್ತಲ್ಲ, ಅಮಾನತ್ತು. ಅದನ್ನು ಹೇಗೆ ನೋಡಿಕೊಂಡೆ ಎಂಬುದಕ್ಕೆ ಉತ್ತರ ಹೇಳಬೇಕಾದವರು ನಾವು. ಅದರಲ್ಲೂ ನಮ್ಮ ದೇಶದವರಿಗೆ ಬೇರೆ ಹಲವು ದೇಶದವರಿಗಿಂತ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ. ಹಾಗಿರುವಾಗ ಫಲ ನಿಲ್ಲದ ಪ್ರಯತ್ನಕ್ಕೆ ಅರ್ಥವೇನು?

ಇದಕ್ಕೆ ಉತ್ತರವನ್ನು ನಮ್ಮ ನೆರೆಯ ಚೆನ್ನೈಯಲ್ಲೇ ಹುಡುಕಬಹುದು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಆರಿಸಿಕೊಂಡರು. ಒಂದು ಗುಂಪಿಗೆ ಬರೇ ಸಾಮಾನ್ಯ ಸಲಹೆ. ಇನ್ನೊಂದಕ್ಕೆ ದಿನವೂ ಅರ್ಧ ಗಂಟೆ ಚುರುಕಾಗಿ ನಡೆಯುವ, ಸಕ್ಕರೆ, ಮೈದಾ, ಎಣ್ಣೆ ಕಡಿಮೆ ಮಾಡುವ ಕ್ರಮ. ಉಳಿದವರಿಗೆ ಮಾತ್ರೆ, ಕೆಲವರಿಗೆ ಎರಡೂ. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆಯ ಗುಂಪಿನಲ್ಲಿ ನೂರಕ್ಕೆ 55 ಮಂದಿ ರೋಗಿಗಳಾಗಿದ್ದರು. ನಡೆದು, ಊಟ ಬದಲಿಸಿದವರಲ್ಲಿ 39. ಇನ್ನು ಗಮನವಿಟ್ಟು ಓದಿರಿ: ಈ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ!

ಇವರಲ್ಲೊಬ್ಬರು ಪ್ರತಿ ತಿಂಗಳೂ ತೂಕದ ಯಂತ್ರದ ಮೇಲೆ ನಿಂತು ನಿರಾಶರಾಗಿ ಇಳಿಯುವುದನ್ನು ಊಹಿಸಿಕೊಳ್ಳಿ. ಮುಳ್ಳು ಕದಲುವುದಿಲ್ಲ. ಮನೆಯವರು "ಇಷ್ಟು ನಡೆದು ಏನು ಪ್ರಯೋಜನ?" ಎನ್ನುತ್ತಾರೆ. ಅದೇ ಹೊತ್ತಿಗೆ ಯಾರಿಗೂ ಕಾಣದಂತೆ ಅವರ ರಕ್ತದಲ್ಲಿ ಆ ಅರ್ಧ ಗಂಟೆಯ ಲೆಕ್ಕ ಬರೆಯಲ್ಪಡುತ್ತಿರುತ್ತದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಇದೇ ಬಗೆಯ ದೊಡ್ಡ ಅಧ್ಯಯನದಲ್ಲಿ ಮೊದಲ ವರ್ಷ ಸುಮಾರು ಏಳು ಕಿಲೋ ಇಳಿಸಿದ್ದವರು ಹತ್ತು ವರ್ಷಗಳಲ್ಲಿ ಅದರ ಹೆಚ್ಚಿನ ಭಾಗವನ್ನು ಮರಳಿ ಪಡೆದಿದ್ದರು. ಆದರೂ ಆ ಹತ್ತು ವರ್ಷಗಳ ಉದ್ದಕ್ಕೂ ಅವರಿಗೆ ಸಕ್ಕರೆ ಕಾಯಿಲೆ ಬಂದ ಪ್ರಮಾಣ ಏನೂ ಮಾಡದವರಿಗಿಂತ ಮೂರನೆಯ ಒಂದರಷ್ಟು ಕಡಿಮೆ. ತೂಕ ಮರಳಿತು, ಶ್ರಮ ಮಾತ್ರ ವ್ಯರ್ಥವಾಗಲಿಲ್ಲ. ಕರ್ಮವನ್ನು ಅದರ ಉದ್ದೇಶದಿಂದ ಅಳೆಯಲು ಕಲಿಸಲ್ಪಟ್ಟ ಸಮುದಾಯಕ್ಕೆ ಇದು ಅಪರಿಚಿತವಾದ ತರ್ಕವಾಗಬಾರದು.

ಇಳಿಸಿದ್ದನ್ನು ಉಳಿಸಿಕೊಂಡವರೂ ಇದ್ದಾರೆ, ನಿರಾಶೆ ಬೇಡ. 13 ಕಿಲೋಗಿಂತ ಹೆಚ್ಚು ಇಳಿಸಿ ಕನಿಷ್ಠ ಒಂದು ವರ್ಷ ಅದನ್ನು ಕಾಯ್ದುಕೊಂಡವರ ದಾಖಲೆಯೊಂದನ್ನು 1994ರಲ್ಲಿ ಅಮೆರಿಕದಲ್ಲಿ ಆರಂಭಿಸಲಾಯಿತು. ಸಾವಿರಾರು ಮಂದಿ ಅದರಲ್ಲಿ ಹೆಸರು ಬರೆಸಿದರು. ಅವರಲ್ಲಿ ಹೆಚ್ಚಿನವರ ಗುಟ್ಟು ಕೇಳಿದರೆ ನಿಮಗೆ ನಗು ಬಂದೀತು: ದಿನಕ್ಕೆ ಸುಮಾರು ಒಂದು ಗಂಟೆ ನಡಿಗೆ, ಆಗಾಗ ತೂಕ ನೋಡುವುದು, ರಜಾದಿನವಾಗಲಿ ಕೆಲಸದ ದಿನವಾಗಲಿ ಒಂದೇ ಬಗೆಯ ಊಟ. ಇದರಲ್ಲಿ ವೀರಕಥೆ ಏನೂ ಇಲ್ಲ. ಕಿರಿದಾಗಿದ್ದರೂ ನಿರಂತರವಾಗಿರುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂಬ ಪ್ರವಾದಿ(ಸ)ರ ಮಾತನ್ನು ನಾವು ನಮಾಝ್, ದಾನಗಳಿಗಷ್ಟೇ ಅನ್ವಯಿಸಿ ಅಡುಗೆಮನೆಯನ್ನು ಹೊರಗಿಟ್ಟಿದ್ದೇವೆ. ರಮಝಾನಿನಲ್ಲಿ ಒಂದು ಒಂದೂವರೆ ಕಿಲೋ ಇಳಿಯುವುದುಂಟು. ಆದರೆ ಅದು ಕೆಲವೇ ವಾರಗಳಲ್ಲಿ ಮರಳಿಬಿಡುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದವರು ತಿಳಿಸಿದ್ದಾರೆ. ಇಳಿಯುವುದೇ ಇಲ್ಲದ ಮನೆಗಳೂ ಇವೆ. ಇಫ್ತಾರಿನ ಸುಪ್ರದಲ್ಲಿ ಸಮೋಸ, ಕಟ್ಲೆಟ್, ಶರಬತ್ತುಗಳ ಮೆರವಣಿಗೆ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಉಪವಾಸ ಇರುವುದು ತೂಕ ಇಳಿಸಲಿಕ್ಕಲ್ಲ ನಿಜ, ಏರಿಸಲಿಕ್ಕೂ ಅಲ್ಲವಲ್ಲ.

ಈಗ ಸೂಜಿಮದ್ದುಗಳು ಬಂದಿವೆ. ಸೆಮಾಗ್ಲುಟೈಡ್ ಎಂಬ ಮದ್ದಿನ ಪರೀಕ್ಷೆಯಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಯಿತು. ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದುದರ ಮೂರನೆಯ ಎರಡು ಪಾಲು ಮರಳಿತು. ವೈದ್ಯರ ಸಲಹೆಯಂತೆ ಇದನ್ನು ಪಡೆಯುವವರನ್ನು "ಅಡ್ಡದಾರಿ ಹಿಡಿದರು" ಎಂದು ಹಂಗಿಸುವವರು ರಕ್ತದೊತ್ತಡದ ಮಾತ್ರೆ ನುಂಗುವವರನ್ನೂ ಹಾಗೆ ಹಂಗಿಸುತ್ತಾರೆಯೇ?

ನಮ್ಮ ಹೆಣ್ಣುಮಕ್ಕಳ ವಿಷಯ ಹೇಳದೆ ಇದನ್ನು ಮುಗಿಸಲಾಗದು. ತುಪ್ಪದನ್ನ ಬೇಕು, ಕರಿದದ್ದು ಬೇಕು ಎನ್ನುವವರು ಮನೆಮಂದಿ. ಎಲ್ಲರೂ ಉಂಡ ಮೇಲೆ ಉಳಿದದ್ದು ಹಾಳಾಗಬಾರದೆಂದು ತಿಂದು ಮುಗಿಸುವವಳು ತಾಯಿ. ಸಂಜೆ ಅರ್ಧ ಗಂಟೆ ನಡೆಯಲು ಹೊರಟರೆ "ಎಲ್ಲಿಗೆ ಸವಾರಿ?" ಎಂಬ ಪ್ರಶ್ನೆ ಗೇಟಿನಲ್ಲೇ ಕಾದಿರುತ್ತದೆ. ಆಮೇಲೆ ಅದೇ ಮನೆಮಂದಿ ಆಕೆಯ ಗಾತ್ರವನ್ನು ತಮಾಷೆಯ ವಸ್ತುವಾಗಿಸುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಕೇಳಿಸುವಂತೆಯೇ "ಸ್ವಲ್ಪ ದಪ್ಪವಾಯಿತು" ಎಂದು ಹೇಳಿಹೋಗುತ್ತಾರೆ. ಆ ಹುಡುಗಿ ಅಂದು ರಾತ್ರಿ ಉಣ್ಣದೆ ಮಲಗಿದರೆ ಅದು ಯಾರ ಲೆಕ್ಕದಲ್ಲಿ ಬರೆಯಲ್ಪಡುತ್ತದೆ? ಅತಿಯಾಗಿ ಉಂಡ ನಾಲಗೆಗಿಂತ ಹೀಗೆ ಅಂದ ನಾಲಗೆಯ ವಿಚಾರಣೆ ಕಠಿಣವಾಗಿರುವುದೆಂದೇ ನನ್ನ ಅಭಿಪ್ರಾಯ. ಜನರು ಒಬ್ಬರನ್ನೊಬ್ಬರು ಗೇಲಿ ಮಾಡುವುದನ್ನೂ ಬೆನ್ನ ಹಿಂದೆ ದೂಷಿಸುವುದನ್ನೂ 'ಅಲ್ ಹುಜುರಾತ್' ಅಧ್ಯಾಯವು ಎಷ್ಟು ಕಟುವಾಗಿ ನಿಷೇಧಿಸಿದೆಯೆಂಬುದನ್ನು ಒಮ್ಮೆ ತೆರೆದು ಓದಿರಿ.

ದೇಹದ ಗಾತ್ರದ ಕುರಿತ ನಗು ಪ್ರವಾದಿ(ಸ)ರ ಸನ್ನಿಧಿಯಲ್ಲೂ ಒಮ್ಮೆ ಕೇಳಿಸಿತ್ತು. ಅಬ್ದುಲ್ಲಾ ಇಬ್ನು ಮಸ್‌ಊದ್(ರ)ರ ಕಡ್ಡಿಯಂತಹ ಕಾಲುಗಳನ್ನು ಕಂಡು ಸಂಗಾತಿಗಳು ನಕ್ಕಾಗ, ಪರಲೋಕದ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಬೆಟ್ಟಕ್ಕಿಂತಲೂ ಭಾರವೆಂದು ಅವರು ತಿಳಿಸಿದರು. ಹ. ಆಯಿಶಾ(ರ) ಹಿಂದೊಮ್ಮೆ ಓಟದಲ್ಲಿ ಅವರನ್ನು ಗೆದ್ದಿದ್ದರು. ವರ್ಷಗಳ ಬಳಿಕ ಮೈ ತುಂಬಿಕೊಂಡ ಮೇಲೆ ಮತ್ತೆ ಓಡಿದಾಗ ಸೋತರು. ಮೈಯ ಮಾತೆತ್ತದೆ, ಅಂದಿನ ಸೋಲಿಗೆ ಇಂದು ಲೆಕ್ಕ ಸರಿಹೋಯಿತೆಂದು ಪ್ರವಾದಿ(ಸ) ಹಾಸ್ಯ ಮಾಡಿದರು, ಅಷ್ಟೇ. ಇನ್ನು ಅವರ ಇನ್ನೊಬ್ಬ ಪತ್ನಿ ಹ. ಸೌದಾ(ರ) ಸ್ಥೂಲಕಾಯದವರು, ನಡಿಗೆ ನಿಧಾನ. ಹಜ್ಜಿನ ಸಂದರ್ಭ ಮುಝ್ದಲಿಫಾದ ರಾತ್ರಿಯಲ್ಲಿ, ಜನಸಂದಣಿ ಹೊರಡುವ ಮೊದಲೇ ಹೊರಡಲು ಅವರು ಅನುಮತಿ ಕೋರಿದರು. ಪ್ರವಾದಿ(ಸ) ಅನುಮತಿ ಕೊಟ್ಟರು. ಬೆಳಗಿನ ತನಕ ಕಾದು ಜನಜಂಗುಳಿಯೊಂದಿಗೆ ಹೊರಟ ಹ. ಆಯಿಶಾ(ರ), ಸೌದಾರಂತೆ ತಾನೂ ಅನುಮತಿ ಕೇಳಬೇಕಿತ್ತು ಎಂದು ಆಮೇಲೆ ಹೇಳಿಕೊಂಡರು.