ಕರುಣೆಗೂ ಪರೀಕ್ಷೆ ಬೇಕು

ನೊಂದವನನ್ನು ಕಂಡಾಗ ಹೃದಯದಲ್ಲಿ ಮೊದಲು ಮೂಡುವ ಭಾವ ಕರುಣೆ. ಸೊಂಟ ಹಿಡಿದು ಕುಳಿತವನಿಗೆ ಮನೆಯವರು "ಏಳಬೇಡ, ಮಲಗಿರು" ಎನ್ನುತ್ತಾರೆ. ಆ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ಆದರೆ ಪ್ರೀತಿಯಿಂದ ಆಡಿದ ಮಾತೆಲ್ಲವೂ ಹಿತವನ್ನೇ ಉಂಟುಮಾಡುತ್ತದೆಯೆ? ನೋಯುತ್ತಿರುವವನಿಗೆ "ಎದ್ದು ನಡೆ" ಎನ್ನುವವನು ನಿರ್ದಯನೆ?

ಬಹುಕಾಲ ವೈದ್ಯರೂ ಸೊಂಟನೋವಿಗೆ ಹಾಸಿಗೆಯನ್ನೇ ಔಷಧವೆಂದು ವಿಧಿಸುತ್ತಿದ್ದರು. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 203 ರೋಗಿಗಳ ಪೈಕಿ ಕೆಲವರಿಗೆ ಎರಡು ದಿನ, ಉಳಿದವರಿಗೆ ಏಳು ದಿನ ಮಲಗಿರಲು ಹೇಳಲಾಯಿತು. ಎರಡು ದಿನದವರು ಕೆಲಸ ತಪ್ಪಿಸಿಕೊಂಡ ದಿನಗಳು ಕಡಿಮೆ. ಮಿಕ್ಕ ವಿಷಯಗಳಲ್ಲಿ ಏಳು ದಿನದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

1995ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಅಧ್ಯಯನವು ಇನ್ನೂ ಮುಂದೆ ಹೋಯಿತು. ಹೆಲ್ಸಿಂಕಿ ನಗರಾಡಳಿತದ ನೌಕರರಲ್ಲಿ ಹೊಸದಾಗಿ ಸೊಂಟನೋವು ಕಾಣಿಸಿಕೊಂಡ 186 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಎರಡು ದಿನ ಹಾಸಿಗೆ. ಇನ್ನೊಂದಕ್ಕೆ ಬೆನ್ನನ್ನು ಬಾಗಿಸುವ ವ್ಯಾಯಾಮ. ಮೂರನೆಯದಕ್ಕೆ ನೋವು ತಾಳುವಷ್ಟರ ಮಟ್ಟಿಗೆ ದಿನನಿತ್ಯದ ಕೆಲಸ. ಮೂರನೆಯ ಗುಂಪಿನವರೇ ಬೇಗ ಚೇತರಿಸಿಕೊಂಡರು. ಹಾಸಿಗೆ ಹಿಡಿದವರು ಎಲ್ಲರಿಗಿಂತ ನಿಧಾನವಾಗಿ.

ಇಲ್ಲಿ ಸೋತದ್ದು ವಿಶ್ರಾಂತಿಯೊಂದೇ ಅಲ್ಲ ಎಂಬುದು ಗಮನಾರ್ಹ. ಮೊದಲ ದಿನಗಳಲ್ಲಿ ವಿಧಿಸಿದ ವ್ಯಾಯಾಮವೂ ಸಹಜ ಚಲನೆಯ ಮುಂದೆ ಹಿಂದೆ ಬಿತ್ತು. "ಮಲಗು" ಎಂದವನೂ "ಬಾಗು" ಎಂದವನೂ ಬಯಸಿದ್ದು ಒಳಿತನ್ನೇ; ಆದರೆ ಹೋಲಿಸಿ ನೋಡುವ ತನಕ ಯಾವುದು ಹಿತವೆಂಬುದು ತಿಳಿದಿರಲಿಲ್ಲ. ಸದುದ್ದೇಶವು ಪರೀಕ್ಷೆಯಿಂದ ವಿನಾಯಿತಿ ನೀಡುವುದಿಲ್ಲ.

ಮೂರು ತಿಂಗಳು ಮೀರಿದ ನೋವಿನ ಮಾತು ಬೇರೆ. 2021ರಲ್ಲಿ 249 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ವ್ಯಾಯಾಮ ಮಾಡಿದವರ ನೋವು, ಚಿಕಿತ್ಸೆಯಿಲ್ಲದ ಅಥವಾ ಎಂದಿನ ಚಿಕಿತ್ಸೆ ಪಡೆದವರಿಗಿಂತ ನೂರರ ಅಳತೆಯಲ್ಲಿ ಸುಮಾರು 15ರಷ್ಟು ಕಡಿಮೆಯೆಂದು ಕಂಡುಬಂತು. ಇದು ಪ್ರಯೋಜನ ಹೌದು, ಪವಾಡವಲ್ಲ. ಇಷ್ಟನ್ನು ಇಷ್ಟೆಂದೇ ಹೇಳುವುದು ಫಿಜಿಯೋಥೆರಪಿಯವರ ಸತ್ಯನಿಷ್ಠೆ. "ಪೂರ್ಣ ಗುಣ ಖಚಿತ" ಎಂಬ ಭರವಸೆ ರೋಗಿಯ ಹಣವನ್ನೂ ನಂಬಿಕೆಯನ್ನೂ ಅಪಹರಿಸುತ್ತದೆ.

ಭಯ ಹುಟ್ಟಿಸುವ ಮಾತೂ ಅಷ್ಟೇ ಹಾನಿಕರ. "ನಿಮ್ಮ ಡಿಸ್ಕ್ ಸವೆದಿದೆ" ಎಂಬ ವಾಕ್ಯ ಸುಳ್ಳಾಗಿರಲಾರದು. ಆದರೆ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಪರಿಶೀಲಿಸಿದ 2015ರ ವಿಮರ್ಶೆಯೊಂದರ ಪ್ರಕಾರ, ಇಪ್ಪತ್ತರ ವಯಸ್ಸಿನಲ್ಲಿ ನೂರಕ್ಕೆ 37 ಮಂದಿಗೆ, ಎಂಬತ್ತರಲ್ಲಿ 96 ಮಂದಿಗೆ ಅಂಥ ಸವೆತ ಇರುತ್ತದೆ. ಇದನ್ನು ಮುಚ್ಚಿಟ್ಟು ಮೊದಲಿನದನ್ನಷ್ಟೇ ಹೇಳಿದರೆ ಅದು ಅರ್ಧಸತ್ಯ. ಅದನ್ನು ಕೇಳಿದವನು ಬಗ್ಗಲು ಅಂಜುತ್ತಾನೆ. ಅಂಜಿಕೆಯಿಂದ ಚಲನೆ ಕುಗ್ಗುತ್ತದೆ. ಚಲನೆಯಿಲ್ಲದೆ ಸ್ನಾಯುಗಳು ಬಲಗುಂದುತ್ತವೆ. ಆಗ ಸಣ್ಣ ಕೆಲಸವೂ ನೋವನ್ನು ತರುತ್ತದೆ.

ಹಾಗೆಂದು ಎಲ್ಲ ನೋವನ್ನೂ ಮೆಟ್ಟಿ ನಡೆಯಬೇಕೆಂದಲ್ಲ. ಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ಸಂದು ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತ ಹೋದರೆ, ಜ್ವರವೋ ಬಿದ್ದ ಪೆಟ್ಟೋ ಜೊತೆಗಿದ್ದರೆ, ತಡಮಾಡದೆ ವೈದ್ಯರ ಬಳಿ ಹೋಗಬೇಕು. ಹೊರೆ ಹೊತ್ತು ದಿನಗೂಲಿಯಲ್ಲಿ ಬದುಕುವವನಿಗೆ ಅವನ ಹೊರೆಯನ್ನು ವಿಚಾರಿಸದೆ ವ್ಯಾಯಾಮದ ಪಟ್ಟಿ ಕೊಡುವುದೂ ಅವಿವೇಕವೇ.

ನೋವು ಕೊಡುವುದೆಲ್ಲ ಹಿಂಸೆಯಲ್ಲ. ನೋವು ತಪ್ಪಿಸುವುದೆಲ್ಲ ದಯೆಯೂ ಅಲ್ಲ. ಎಚ್ಚರದಿಂದ ತಿಳಿದು, ತಿಳಿದಷ್ಟನ್ನೇ ನುಡಿದು, ರೋಗಿಯ ಸಮ್ಮತಿಯೊಡನೆ ಹೆಜ್ಜೆ ಹಾಕಿಸುವ ಕೈ ನಿಜವಾದ ದಯೆಯ ಕೈ. ಹೆಜ್ಜೆಯನ್ನು ಮಾತ್ರ ನೊಂದವನೇ ಇಡಬೇಕು. ಅದನ್ನು ಅವನ ಪರವಾಗಿ ಬೇರೆ ಯಾರೂ ಇಡಲಾರರು.